ಮಗ್ಗದೂರಿನ ಅಟ್ಟದ ಮೇಲೆ ಹೆವಿ ಮೆಟಲ್ ಡಬ್ಬಿ

ಕಬನೂರ: ಇಚಲಕರಂಜಿ ದಾಟಿ ಕಬನೂರಿನ ಓಣಿಗೆ ಬಂದರೆ ಊರು ಕಣ್ಣಿಗೆ ಬೀಳುವ ಮೊದಲೇ ಕಿವಿಗೆ ಬೀಳುತ್ತದೆ. ಖಟಕ್ ಖಟಕ್ ಎಂದು ಲಾಳಿ ಹೊಡೆಯುವ ಪಾವರ್‌ಲೂಮಿನ ಸಪ್ಪಳ. ಇಲ್ಲಿ ಹುಟ್ಟಿದ ಕೂಸಿಗೆ ಜೋಗುಳಕ್ಕಿಂತ ಮೊದಲು ಮಗ್ಗದ ತಾಳವೇ ಪರಿಚಯ. ನಮ್ಮ ಕನ್ನಡ ಕುಟುಂಬಗಳಲ್ಲಿ ಮನೆಯೊಳಗೆ ಕನ್ನಡ, ಓಣಿಯಲ್ಲಿ ಮರಾಠಿ, ಟಿ.ವಿ.ಯಲ್ಲಿ ಹಿಂದಿ. ಈ ಮೂರರ ನಡುವೆ ಕೆಲವು ಮನೆಯ ಹುಡುಗರ ಕಿವಿಯಲ್ಲಿ ನಾಲ್ಕನೆಯದೊಂದು ಸದ್ದು ಬಂದು ಸೇರಿಕೊಂಡಿತು. ಅದೇ ಹೆವಿ ಮೆಟಲ್. ಅದರ ಬೆನ್ನಿಗೆ ಬಂದ ತುಂಟ ತಮ್ಮ ಪಂಕ್.

‘ಇದೇನ್ ಹಾಡೋ ಯಪ್ಪಾ, ಬರೇ ಒದರಾಟ’ ಎಂದು ಅವ್ವ ಬೈಯುವುದು, ಹುಡುಗ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಎದ್ದು ಹೋಗುವುದು ಇಂಥ ಮನೆಗಳಲ್ಲಿ ನಿತ್ಯದ ಮಾತು. ಕರಿ ಟೀ ಶರ್ಟು, ಅದರ ಮೇಲೆ ತಲೆಬುರುಡೆಯ ಚಿತ್ರ, ಭುಜದ ತನಕ ಇಳಿಬಿಟ್ಟ ಕೂದಲು. ‘ಹುಡುಗ ಕೆಟ್ಟ’ ಎಂದು ಅಜ್ಜ ತೀರ್ಪು ಕೊಟ್ಟೇ ಬಿಡುತ್ತಾರೆ. ಗಣಪತಿ ಕಳಿಸುವ ದಿನ ಡಾಲ್ಬಿ ಮುಂದೆ ಎದೆ ನಡುಗುವಂತೆ ಕುಣಿಯುವ ನಮ್ಮ ಕೊಲ್ಹಾಪುರ ಜಿಲ್ಲೆ ಗಿಟಾರಿನ ಗದ್ದಲಕ್ಕೆ ಮಾತ್ರ ಕಿವಿ ಮುಚ್ಚಿಕೊಳ್ಳುವುದು ತಮಾಷೆಯೇ ಸರಿ!

ಇರಲಿ. ಈ ಬರಹ ಆ ಹುಡುಗರ ಪರ ವಕಾಲತ್ತು ಅಲ್ಲ. ವಿಷಯ ಬೇರೆ ಇದೆ. 1990ರ ದಶಕದಲ್ಲಿ, 2000ದ ಮೊದಲ ವರ್ಷಗಳಲ್ಲಿ ಈ ಸಂಗೀತದ ಹುಚ್ಚು ಹಚ್ಚಿಕೊಂಡವರು ಈಗ ನಲವತ್ತರ ಆಸುಪಾಸಿನಲ್ಲಿದ್ದಾರೆ. ಯಾರೋ ಮಗ್ಗ ನಡೆಸುತ್ತಾರೆ, ಯಾರೋ ನೂಲಿನ ವ್ಯಾಪಾರ ಮಾಡುತ್ತಾರೆ, ಇನ್ನು ಕೆಲವರು ಪುಣೆ-ಬೆಂಗಳೂರಿನಲ್ಲಿ ನೌಕರಿ ಹಿಡಿದಿದ್ದಾರೆ. ಅವರು ಕೂಡಿಟ್ಟ ಕ್ಯಾಸೆಟ್ಟು, ಕಂಪ್ಯೂಟರಿನಲ್ಲಿ ಬರೆದ ಸಿ.ಡಿ., ಹಳೆಯ ಮೆಮರಿ ಕಾರ್ಡು ಊರಮನೆಯ ಅಟ್ಟದ ಮೇಲೆ ರಟ್ಟಿನ ಡಬ್ಬಿಯಲ್ಲಿ ಕೂತಿರುತ್ತವೆ. ದೀಪಾವಳಿ ಮುಂದೆ ಮನೆ ಸ್ವಚ್ಛ ಮಾಡುವಾಗ ಡಬ್ಬಿ ಕೆಳಗೆ ಇಳಿಯುತ್ತದೆ, ಸೀದಾ ಭಂಗಾರದವನ ಗಾಡಿ ಹತ್ತುತ್ತದೆ. ‘ಹಾಡು ಎಲ್ಲಾ ಮೊಬೈಲಿನ್ಯಾಗ ಸಿಗ್ತಾವ, ಈ ಕಸ ಯಾಕ’ ಎಂಬ ಮಾತು ಬೇರೆ. ಆ ಮಾತು ಅರ್ಧ ಮಾತ್ರ ನಿಜ. ಉಳಿದರ್ಧ ಏನು ಎಂಬುದಕ್ಕಾಗಿಯೇ ಇಷ್ಟು ಬರೆಯಬೇಕಾಯಿತು.

ಕಾರ್ಖಾನೆ ಹುಡುಗರ ಹಾಡು

ಮೊದಲು ಈ ಸದ್ದು ಎಲ್ಲಿಂದ ಬಂತು ನೋಡೋಣ. ಇದು ದೊಡ್ಡವರ ಮಕ್ಕಳ ಚೈನಿ ಎಂಬ ತಿಳಿವಳಿಕೆ ನಮ್ಮ ಕಡೆ ಇದೆ. ಹಾಗೇನೂ ಅಲ್ಲ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಅಪ್ಪಟ ಕಾರ್ಖಾನೆಗಳ ಊರು. ಅಲ್ಲಿನ ಆಸ್ಟನ್ ಎಂಬ ಕಾರ್ಮಿಕರ ಭಾಗದ ನಾಲ್ವರು ಹುಡುಗರು ಕಟ್ಟಿದ ತಂಡ ಬ್ಲ್ಯಾಕ್ ಸಬಾತ್. ಅವರ ಮೊದಲ ಆಲ್ಬಂ 1970ರ ಫೆಬ್ರುವರಿ 13ರಂದು ಹೊರಬಂತು. ಹೆವಿ ಮೆಟಲ್ಲಿನ ಹುಟ್ಟಿದ ದಿನ ಎಂದು ಬಹಳಷ್ಟು ಅಭಿಮಾನಿಗಳು ಎಣಿಸುವುದು ಆ ತಾರೀಖನ್ನೇ. ಹಾಡುಗಾರ ಓಝಿ ಆಸ್ಬರ್ನ್ ಅವರ ತಂದೆ ಕಾರ್ಖಾನೆಯಲ್ಲಿ ಉಪಕರಣ ತಯಾರಿಸುವ ಕಾರ್ಮಿಕ. ತಾಯಿ ಮೋಟಾರು ಬಿಡಿಭಾಗಗಳ ಕಾರ್ಖಾನೆಗೆ ಹೋಗುತ್ತಿದ್ದರು. ಓಝಿ ಕೂಡ ಕೆಲಕಾಲ ಕಾರಿನ ಹಾರ್ನ್ ಪರೀಕ್ಷೆ ಮಾಡುವ ಕೆಲಸದಲ್ಲಿದ್ದರು. ದಿನವಿಡೀ ಹಾರ್ನ್ ಒತ್ತಿ ನೋಡುವುದೇ ಕೆಲಸ! ಕಸಾಯಿಖಾನೆಯಲ್ಲೂ ದುಡಿದರು.

ಅದೇ ತಂಡದ ಗಿಟಾರ್ ವಾದಕ ಟೋನಿ ಐಯೊಮ್ಮಿ ಅವರ ಕಥೆಯನ್ನು ಮಗ್ಗದೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 1965ರಲ್ಲಿ 17 ವರ್ಷದ ಹುಡುಗ ಲೋಹದ ತಗಡಿನ ಕಾರ್ಖಾನೆಯಲ್ಲಿದ್ದ. ಕೆಲಸ ಬಿಡಲಿದ್ದ ಕಟ್ಟಕಡೆಯ ದಿನ ಯಂತ್ರಕ್ಕೆ ಕೈ ಸಿಕ್ಕಿ ಬಲಗೈಯ ಎರಡು ಬೆರಳಿನ ತುದಿ ಹೋದವು. ಐಯೊಮ್ಮಿ ಎಡಚ. ಹೀಗಾಗಿ ಗಿಟಾರಿನ ತಂತಿ ಒತ್ತಬೇಕಾದದ್ದು ಅದೇ ಬಲಗೈ ಬೆರಳಿನಿಂದ. ಇನ್ನು ನುಡಿಸುವುದು ಮುಗಿಯಿತು ಎಂದು ಕೂತವನ ಮನೆಗೆ ಕಾರ್ಖಾನೆಯ ಮೇಲ್ವಿಚಾರಕ ಒಂದು ಗ್ರಾಮೊಫೋನ್ ರಿಕಾರ್ಡ್ ಹಿಡಿದು ಬಂದರು. ಅದು ಜಾಂಗೊ ರೈನ್‌ಹಾರ್ಟ್ ಎಂಬ ವಾದಕರದು. ಬೆಂಕಿ ಅನಾಹುತದಲ್ಲಿ ಎರಡು ಬೆರಳು ಸ್ವಾಧೀನ ತಪ್ಪಿದ ಮೇಲೂ ನುಡಿಸಿ ದೊಡ್ಡ ಹೆಸರು ಮಾಡಿದವರು. ಹುಡುಗ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡ, ಮೇಲೆ ಚರ್ಮದ ತುಂಡು ಅಂಟಿಸಿದ, ತೆಳು ತಂತಿ ಹಾಕಿದ. ಮುಂದೆ ತಂತಿಗಳನ್ನು ಸಡಿಲ ಬಿಟ್ಟು ಸ್ವರ ಕೆಳಗೆ ಇಳಿಸಿದರು. ಆಗ ಹುಟ್ಟಿದ ಆ ಭಾರವಾದ ನಾದವನ್ನು ಇವತ್ತಿಗೂ ಜಗತ್ತಿನ ಮೆಟಲ್ ತಂಡಗಳು ನುಡಿಸುತ್ತಿವೆ. ಯಂತ್ರಕ್ಕೆ ಬೆರಳು ಕೊಟ್ಟವರ ಸಂಕಟ ನಮ್ಮ ಊರಿಗೆ ಹೊಸದಲ್ಲ. ಅದರಿಂದ ಒಂದು ಸಂಗೀತವೇ ಹುಟ್ಟಿದ್ದು ಮಾತ್ರ ಅಪರೂಪ.

ಜೂಡಾಸ್ ಪ್ರೀಸ್ಟ್ ತಂಡದ ರಾಬ್ ಹಾಲ್‌ಫರ್ಡ್ ಅವರೂ ಅದೇ ಸೀಮೆಯ ವಾಲ್ಸಲ್ ಊರಿನವರು. ಶಾಲೆಯಲ್ಲಿ ಕೂತಿದ್ದರೆ ಪಕ್ಕದ ಲೋಹ ಕಾರ್ಖಾನೆಯ ಬಡಿತ ಕೇಳುತ್ತಿತ್ತು ಎಂದು ಹೇಳಿಕೊಂಡಿದ್ದಾರೆ. ಕಬನೂರಿನ ಯಾವ ಶಾಲೆಯ ಮಕ್ಕಳಿಗೂ ಈ ಮಾತು ಅರ್ಥವಾದೀತು.

2025ರ ಜುಲೈ 5ರಂದು ಆಸ್ಟನ್ನಿನ ವಿಲ್ಲಾ ಪಾರ್ಕ್ ಮೈದಾನದಲ್ಲಿ ಸಬಾತ್ ತಂಡದ ನಾಲ್ವರೂ ಕಡೆಯ ಬಾರಿ ಒಂದೇ ವೇದಿಕೆಯಲ್ಲಿ ಕೂಡಿದರು. ನಿಲ್ಲಲಾಗದ ಓಝಿ ಕುರ್ಚಿಯಲ್ಲಿ ಕೂತೇ ಹಾಡಿದರು. ಬಂದ ಆದಾಯ ಮಕ್ಕಳ ಆಸ್ಪತ್ರೆಯೂ ಸೇರಿ ಧರ್ಮಕಾರ್ಯಕ್ಕೆ. ಹದಿನೇಳನೆಯ ದಿನಕ್ಕೆ, ಜುಲೈ 22ರಂದು, ಓಝಿ ತೀರಿಕೊಂಡರು. ಊರವರು ಬ್ಯಾಂಡು ಬಾರಿಸುತ್ತ ಮೆರವಣಿಗೆಯಲ್ಲಿ ಕಳಿಸಿಕೊಟ್ಟರು.

ನಡುವೆ ಕಿವಿಯ ಮಾತೊಂದು ಹೇಳಿಬಿಡಬೇಕು. ನಮ್ಮ ದೇಶದ ಕಾರ್ಖಾನೆ ನಿಯಮಗಳಲ್ಲಿ ಎಂಟು ಗಂಟೆಯ ಪಾಳಿಗೆ ಸಪ್ಪಳದ ಮಿತಿ 90 ಡೆಸಿಬಲ್. ಮಗ್ಗದ ಶೆಡ್ಡು ಆ ಮಿತಿ ದಾಟುವುದು ಸಾಮಾನ್ಯ. ಇತ್ತ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಪ್ರಕಾರ ಹಾಡು ಕೇಳುವುದಾದರೆ 80 ಡೆಸಿಬಲ್‌ನಲ್ಲಿ ವಾರಕ್ಕೆ 40 ಗಂಟೆ, ಅಷ್ಟೇ. ಪಾಳಿ ಮುಗಿಸಿ ಬಂದ ಹುಡುಗ ಮಗ್ಗದ ಸಪ್ಪಳ ಮುಚ್ಚುವಷ್ಟು ಜೋರಾಗಿ ಇಯರ್‌ಫೋನ್ ಹಚ್ಚಿದರೆ ಕಿವಿಗೆ ಎರಡು ಪಾಳಿ ಬಿದ್ದಂತೆ. ಎಸಿ-ಡಿಸಿ ತಂಡದ ಬ್ರಯಾನ್ ಜಾನ್ಸನ್ ಅವರಂಥವರೇ ಕಿವಿ ಕೈಕೊಟ್ಟಿದ್ದಕ್ಕೆ 2016ರಲ್ಲಿ ಪ್ರವಾಸವನ್ನು ನಡುವೆಯೇ ಬಿಡಬೇಕಾಯಿತು. ಅವ್ವ ಬೈಯಬೇಕಾದದ್ದು ಹಾಡಿಗಲ್ಲ, ವಾಲ್ಯೂಮಿಗೆ.

ಮೂಲ ಮ್ಯಾಂಚೆಸ್ಟರಿನ ಜಮಾ-ಖರ್ಚು

1904ರಲ್ಲಿ ವಿಠ್ಠಲರಾವ್ ದಾತಾರ ಅವರು ಇಚಲಕರಂಜಿಯಲ್ಲಿ ಮೊದಲ ಪಾವರ್‌ಲೂಮ್ ಹಾಕಿದರು. ಅಲ್ಲಿಂದ ಬೆಳೆದ ಊರನ್ನು ‘ಮಹಾರಾಷ್ಟ್ರದ ಮ್ಯಾಂಚೆಸ್ಟರ್’ ಎಂದು ಕರೆಯುವುದು ರೂಢಿ. ಹತ್ತಿ ಬಟ್ಟೆಯ ಮೂಲ ಮ್ಯಾಂಚೆಸ್ಟರ್ ಇರುವುದು ಇಂಗ್ಲೆಂಡಿನಲ್ಲಿ. ಪಂಕ್ ಸಂಗೀತದ ಒಂದು ದೊಡ್ಡ ಅಧ್ಯಾಯವೂ ಅದೇ ಊರಿನದು.

1976ರಲ್ಲಿ ಅಮೆರಿಕದ ರಮೋನ್ಸ್, ಲಂಡನ್ನಿನ ಸೆಕ್ಸ್ ಪಿಸ್ಟಲ್ಸ್ ತಂಡಗಳು ಪಂಕ್ ಎಂಬ ಹೆಸರನ್ನು ಬಾಯಿಂದ ಬಾಯಿಗೆ ಹಬ್ಬಿಸಿದವು. ಮೂರು ಕಾರ್ಡು ಕಲಿತರೆ ಸಾಕು, ಹಾಡು ಕಟ್ಟಬಹುದು ಎಂಬುದು ಇವರ ಧೋರಣೆ. ಸೆಕ್ಸ್ ಪಿಸ್ಟಲ್ಸ್ ತಂಡವನ್ನು ಆ ವರ್ಷ ಜೂನ್ 4ರಂದು ಮ್ಯಾಂಚೆಸ್ಟರಿಗೆ ಕರೆಸಿದ ಇಬ್ಬರು ಹುಡುಗರೇ ಮುಂದೆ ಬಝ್‌ಕಾಕ್ಸ್ ಎಂಬ ತಂಡ ಕಟ್ಟಿದರು. ರಿಕಾರ್ಡ್ ಕಂಪನಿಗಳು ಲಂಡನ್ನಿನಲ್ಲಿ, ಇವರು ಮಗ್ಗದೂರಿನಲ್ಲಿ. ಕಾಯುತ್ತ ಕೂರಲಿಲ್ಲ. ಮನೆಯವರು, ಗೆಳೆಯರಿಂದ 500 ಪೌಂಡ್ ಕೈಗಡ ತಂದರು. 1976ರ ಡಿಸೆಂಬರಿನಲ್ಲಿ ಒಂದೇ ದಿನ ನಾಲ್ಕು ಹಾಡು ಮುದ್ರಿಸಿದರು. 1977ರ ಜನವರಿಯಲ್ಲಿ ‘ಸ್ಪೈರಲ್ ಸ್ಕ್ರ್ಯಾಚ್’ ಎಂಬ ಹೆಸರಿನಲ್ಲಿ 1,000 ಪ್ರತಿ ಒತ್ತಿಸಿದರು. ಅವು ಬೇಗನೆ ಖರ್ಚಾಗಿ, ಮತ್ತೆ ಮತ್ತೆ ಒತ್ತಿಸಿ, ಕಡೆಗೆ 16,000ದಷ್ಟು ಮಾರಾಟವಾದವು. ಸಾಲ ತೀರಿತು. ವಾಣಿಜ್ಯ ಓದಿದವನಿಗೆ ಇಂಥ ಖಾತೆ ಪುಸ್ತಕ ಕಂಡರೆ ಬಿಟ್ಟು ಹೋಗಲು ಮನಸ್ಸಾಗುವುದಿಲ್ಲ. ಪ್ರತಿಗೆ ಅರ್ಧ ಪೌಂಡ್ ಬಂಡವಾಳ, ದಲ್ಲಾಳಿ ಇಲ್ಲ, ಅಡತಿ ಇಲ್ಲ! ನಾಲ್ಕು ಮಗ್ಗ ಹಾಕಿ ತಾನೇ ಸೇಠ್ ಆದವನ ಧೈರ್ಯ ಇದು.

ಪಂಕ್ ನಮ್ಮ ದೇಶದಲ್ಲಿ ಮೆಟಲ್ಲಿನಷ್ಟು ಬೇರು ಬಿಡಲಿಲ್ಲ. ಮುಂಬೈಯಲ್ಲಿ ಕೆಲವು ತಂಡ, ಇನ್ನೆಲ್ಲೋ ಒಂದೆರಡು. ಆದರೆ ‘ನಮ್ಮದು ನಾವೇ ಮಾಡಿಕೊಳ್ಳೋಣ, ಇದ್ದದ್ದು ಹಂಚಿಕೊಳ್ಳೋಣ’ ಎಂಬ ಪಂಕ್ ಬುದ್ಧಿ ಮೆಟಲ್ ಹುಡುಗರಿಗೂ ಬಂತು. ಮನೆಯಲ್ಲಿ ಕ್ಯಾಸೆಟ್ ನಕಲು ಮಾಡುವುದರಿಂದ ಸಂಗೀತ ಸಾಯುತ್ತಿದೆ ಎಂದು 1981ರಲ್ಲಿ ಬ್ರಿಟನ್ನಿನ ಕಂಪನಿಗಳು ಕೂಗೆಬ್ಬಿಸಿದವು. ಅದೇ ವರ್ಷ ಅಮೆರಿಕದ ಡೆಡ್ ಕೆನಡೀಸ್ ಎಂಬ ಪಂಕ್ ತಂಡ ತನ್ನ ಹೊಸ ಕ್ಯಾಸೆಟ್ಟಿನ ಒಂದು ಬದಿಯನ್ನು ಪೂರಾ ಖಾಲಿ ಬಿಟ್ಟು ಮಾರಿತು. ನೀವೇ ಏನಾದರೂ ತುಂಬಿಕೊಳ್ಳಿ ಎಂಬ ಚೇಷ್ಟೆ!

ಸಿ-90 ಲೆಕ್ಕ

ಕ್ಯಾಸೆಟ್ಟು ಫಿಲಿಪ್ಸ್ ಕಂಪನಿಯಿಂದ ಬಂದದ್ದು 1963ರಲ್ಲಿ. ನಮ್ಮಲ್ಲಿ ಮನೆಮನೆಗೆ ಬಂದದ್ದು 1980ರ ದಶಕದಲ್ಲಿ. ಆಮೇಲೆ ಎರಡು ಸ್ಲಾಟಿನ ಟೇಪ್ ರಿಕಾರ್ಡರ್ ಬಂತು ನೋಡಿ, ಆಗ ಶುರುವಾಯಿತು ಹಂಚಿಕೆ. ಇಂಗ್ಲಿಷ್ ಕ್ಯಾಸೆಟ್ಟಿಗೆ ಹಿಂದಿ ಸಿನಿಮಾದ್ದಕ್ಕಿಂತ ಬೆಲೆ ಹೆಚ್ಚು. ಜಿಲ್ಲಾ ಊರುಗಳ ಅಂಗಡಿಗೆ ಮೆಟಲ್ ಬರುತ್ತಿದ್ದದ್ದೇ ಅಪರೂಪ. ಮುಂಬೈ, ಪುಣೆ, ಬೆಂಗಳೂರಿಗೆ ಓದಲು ಹೋದವನು ರಜೆಗೆ ಒಂದು ಕ್ಯಾಸೆಟ್ ತಂದರೆ ಅದರಿಂದ ಒಂದು, ಆ ಒಂದರಿಂದ ಇನ್ನೊಂದು. ನಾಲ್ಕನೆಯ ನಕಲಿಗೆ ಬರುವಷ್ಟರಲ್ಲಿ ಹಾಡಿಗಿಂತ ಸುಂಯ್ ಎಂಬ ಟೇಪಿನ ಸದ್ದೇ ಮುಂದಾಗುತ್ತಿತ್ತು. ಆದರೂ ಕೇಳುತ್ತಿದ್ದರು.

ಖಾಲಿ ಕ್ಯಾಸೆಟ್ಟಿಗೆ ದುಡ್ಡೆಲ್ಲಿ? ಮನೆಯಲ್ಲಿದ್ದ ಭಜನೆ, ಅಭಂಗ, ಬಯಲಾಟ, ಅಕ್ಕನ ಮದುವೆಯ ಕ್ಯಾಸೆಟ್ಟುಗಳ ಮೇಲೆ ಕಣ್ಣು. ಅಳಿಸಬಾರದೆಂದು ಮೇಲಿನ ಎರಡು ಪ್ಲಾಸ್ಟಿಕ್ ಚಿಪ್ಪು ಮುರಿದಿದ್ದರೆ ಆ ತೂತಿಗೆ ಕಾಗದ ತುರುಕಿ, ಸೆಲೋ ಟೇಪ್ ಅಂಟಿಸಿದರೆ ಮುಗಿಯಿತು, ಮತ್ತೆ ರಿಕಾರ್ಡ್ ಆಗುತ್ತದೆ. ಟೇಪು ಸಿಕ್ಕು ಬಿದ್ದರೆ ಪೆನ್ಸಿಲ್ಲು ಹಾಕಿ ಸುತ್ತುವುದು. ಎಷ್ಟು ಮನೆಯ ಅಭಂಗಗಳು ಹೀಗೆ ಐರನ್ ಮೇಡನ್ ಆದವೋ ಪಾಂಡುರಂಗನೇ ಬಲ್ಲ.

ಸಿ-90 ಎಂದರೆ ಒಂದು ಬದಿಗೆ 45 ನಿಮಿಷ. ಒಂದು ಬದಿಗೆ ಒಂದು ಆಲ್ಬಂ ಎಂಬುದು ಹುಡುಗರ ಲೆಕ್ಕ. ಈ ಲೆಕ್ಕಕ್ಕೆ ಎಲ್ಲ ಆಲ್ಬಂ ಒಗ್ಗುತ್ತಿರಲಿಲ್ಲ. ಐರನ್ ಮೇಡನ್‌ನ ‘ಪವರ್‌ಸ್ಲೇವ್’ (1984) 51 ನಿಮಿಷದ್ದು. ಅದರ ಕಡೆಯ ಹಾಡು 13 ನಿಮಿಷ ಮೀರಿದ್ದು, ಕೋಲ್‌ರಿಜ್ ಕವಿಯ ಮುದಿ ನಾವಿಕನ ಕಥೆ. ಹಡಗು ನಡುಸಮುದ್ರದಲ್ಲಿದ್ದಾಗಲೇ ಟೇಪು ಟಕ್ ಎಂದು ನಿಲ್ಲುತ್ತಿತ್ತು. ಮೆಟಾಲಿಕಾದ ‘ಮಾಸ್ಟರ್ ಆಫ್ ಪಪೆಟ್ಸ್’ (1986) 54 ನಿಮಿಷ. ಹಾಗೆ ನಕಲು ಮಾಡಿದವರ ಪಾಲಿಗೆ ಅದರಲ್ಲಿ ಎಂಟನೆಯ ಹಾಡೇ ಇಲ್ಲ. ವರ್ಷಗಟ್ಟಲೆ ಕೇಳಿದ ಮೇಲೆ ಪೂರ್ತಿ ಆಲ್ಬಂ ಸಿಕ್ಕಾಗ ಹೊಸ ಹಾಡು ಸಿಕ್ಕಿದಷ್ಟು ಖುಷಿ.

ಮೆಟಾಲಿಕಾ ಬೆಳೆದದ್ದೂ ಹೀಗೆಯೇ. 1982ರಲ್ಲಿ ಅವರು ಮಾಡಿದ ಏಳು ಹಾಡಿನ ಮಾದರಿ ಕ್ಯಾಸೆಟ್ಟನ್ನು ಅಭಿಮಾನಿಗಳು ನಕಲು ಮಾಡಿ ಅಂಚೆಯಲ್ಲಿ ದೇಶದಿಂದ ದೇಶಕ್ಕೆ ಕಳಿಸಿದ್ದರು. ಕಂಪನಿಯ ಆಲ್ಬಂ ಬರುವ ಮೊದಲೇ ಹೆಸರಾಗಿತ್ತು. ಅದೇ ತಂಡ 2000ದ ಏಪ್ರಿಲ್‌ನಲ್ಲಿ ಇಂಟರ್‌ನೆಟ್ ಮೇಲೆ ಹಾಡು ಹಂಚುವ ನ್ಯಾಪ್‌ಸ್ಟರ್ ವಿರುದ್ಧ ಕೋರ್ಟಿಗೆ ಹೋಯಿತು. ಮೇ ತಿಂಗಳಲ್ಲಿ ತಮ್ಮ ಹಾಡು ಹಂಚಿಕೊಂಡ 3,35,435 ಬಳಕೆದಾರರ ಪಟ್ಟಿಯನ್ನು ಮುಂದಿಟ್ಟಿತು. ಹಾಡಿನ ಹಕ್ಕು ಹಾಡಿದವರದೇ ಎಂಬ ಅವರ ಮಾತು ತಪ್ಪಲ್ಲ. ಆದರೆ ಅಭಿಮಾನಿಗಳ ಎದೆಗೆ ಅದು ನಾಟಿತು ಎಂಬುದೂ ಸುಳ್ಳಲ್ಲ.

ನಮ್ಮ ಕಡೆ ಕ್ಯಾಸೆಟ್ಟಿನ ಜಾಗಕ್ಕೆ ಎಂ.ಪಿ.3 ಸಿ.ಡಿ. ಬಂತು, ಆಮೇಲೆ ಮೆಮರಿ ಕಾರ್ಡು. ಮೊಬೈಲ್ ಅಂಗಡಿಯವನಿಗೆ ಹತ್ತಿಪ್ಪತ್ತು ರೂಪಾಯಿ ಕೊಟ್ಟರೆ ಕಾರ್ಡು ತುಂಬಾ ಹಾಡು ತುಂಬಿ ಕೊಡುತ್ತಿದ್ದ. ಅವನ ಕಂಪ್ಯೂಟರಿನಲ್ಲಿ ಲಾವಣಿ, ಭಕ್ತಿಗೀತೆ, ರಾಜ್‌ಕುಮಾರ್ ಹಾಡು ಎಲ್ಲ ಇರುತ್ತಿದ್ದವು. ಮೆಟಲ್ ಬೇಕೆಂದರೆ ಗೆಳೆಯನ ಮೊಬೈಲಿನಿಂದ ಬ್ಲೂಟೂತ್‌ನಲ್ಲೇ ಎಳೆದುಕೊಳ್ಳಬೇಕು. ಒಂದು ಹಾಡು ದಾಟುವ ತನಕ ಎರಡೂ ಮೊಬೈಲು ಪಕ್ಕದಲ್ಲೇ ಇರಬೇಕು. ಅಷ್ಟರಲ್ಲಿ ಒಂದು ಕಟಿಂಗ್ ಚಹಾ ಮುಗಿಯುತ್ತಿತ್ತು, ಹತ್ತು ಮಾತೂ ಆಗುತ್ತಿತ್ತು.

ರಾಣಿ ಚೆನ್ನಮ್ಮದಲ್ಲಿ ಬೆಂಗಳೂರಿಗೆ

ಹೀಗೆ ಕೈಯಿಂದ ಕೈಗೆ ಬಂದ ಹಾಡನ್ನು ಕಣ್ಣಾರೆ ನೋಡಬೇಕೆಂದರೆ ನಮ್ಮ ಕಡೆಯವರಿಗೆ ಎರಡು ದಾರಿ. ಒಂದು ಮುಂಬೈ. ಅಲ್ಲಿ 1986ರಿಂದ ‘ಇಂಡಿಪೆಂಡೆನ್ಸ್ ರಾಕ್’ ನಡೆಯುತ್ತಿತ್ತು. ಅದರ ಹೆಸರಿನೊಂದಿಗೆ ಬೆಸೆದುಕೊಂಡಿದ್ದ ಧೋಬಿ ತಲಾವಿನ ರಂಗಭವನ ಎಂಬ ಬಯಲು ರಂಗಮಂದಿರ ಶಬ್ದ ನಿಷೇಧ ವಲಯಕ್ಕೆ ಸೇರಿ 2003ರಲ್ಲಿ ಇಂಥ ಕಾರ್ಯಕ್ರಮಗಳಿಗೆ ಬಾಗಿಲು ಹಾಕಿತು. ಇನ್ನೊಂದು ದಾರಿ ಬೆಂಗಳೂರು. ಮಿರಜದಲ್ಲಿ ರಾಣಿ ಚೆನ್ನಮ್ಮ ಹತ್ತಿದರೆ ಬೆಳಗಾದಾಗ ಬೆಂಗಳೂರು. ಗಡಹಿಂಗ್ಲಜ ಕಡೆಯವರಿಗೆ ಘಟಪ್ರಭಾ ಇಲ್ಲವೇ ಬೆಳಗಾವಿ.

ಬೆಂಗಳೂರಿನಲ್ಲಿ ಮೆಟಲ್ ಹೊಸದೇನಲ್ಲ. ಮಿಲೇನಿಯಂ ಎಂಬ ತಂಡ 1980ರ ದಶಕದ ಕೊನೆಗೇ ಇತ್ತು. 1991ರಲ್ಲಿ ಡೈಯಿಂಗ್ ಎಂಬ್ರೇಸ್, 1998ರಲ್ಲಿ ಕ್ರಿಪ್ಟೋಸ್ ಹುಟ್ಟಿದವು. 1996ರಿಂದ ಸ್ವಾತಂತ್ರ್ಯ ದಿನದ ಸುಮಾರಿಗೆ ‘ಫ್ರೀಡಂ ಜಾಮ್’ ಎಂಬ ಉಚಿತ ಕಾರ್ಯಕ್ರಮ ನಡೆದು ಹೊಸ ತಂಡಗಳಿಗೆ ವೇದಿಕೆ ಸಿಕ್ಕಿತು. ಅಲಹಾಬಾದಿನಿಂದ ಅಮಿತ್ ಸೈಗಲ್ ಎಂಬವರು 1993ರಲ್ಲಿ ಹೊರತಂದ ‘ರಾಕ್ ಸ್ಟ್ರೀಟ್ ಜರ್ನಲ್’ ಪತ್ರಿಕೆ ಈ ಎಲ್ಲ ಊರಿನ ಹುಡುಗರನ್ನು ಒಂದೇ ದಾರದಲ್ಲಿ ಪೋಣಿಸಿತು. ದಿಲ್ಲಿಯೂ ಅಲ್ಲ, ಮುಂಬೈಯೂ ಅಲ್ಲ, ಅಲಹಾಬಾದ್! ಸೈಗಲ್ 2012ರ ಜನವರಿಯಲ್ಲಿ ಗೋವೆಯಲ್ಲಿ ತೀರಿಕೊಂಡರು.

ಎಲ್ಲರೂ ಎಣಿಸುವ ದಿನ ಮಾತ್ರ 2007ರ ಮಾರ್ಚ್ 17. ಅಂದು ಬೆಂಗಳೂರು ಅರಮನೆ ಮೈದಾನದಲ್ಲಿ ಐರನ್ ಮೇಡನ್ ನುಡಿಸಿತು. ಅಷ್ಟು ದೊಡ್ಡ ಮೆಟಲ್ ತಂಡ ಹೆಸರಿನ ಉತ್ತುಂಗದಲ್ಲಿದ್ದಾಗ ಭಾರತಕ್ಕೆ ಬಂದದ್ದು ಅದೇ ಮೊದಲು. ದಿಲ್ಲಿಯ ಪರಿಕ್ರಮ ತಂಡ ಮುಂಚೆ ನುಡಿಸಿತ್ತು. ಈಶಾನ್ಯ ರಾಜ್ಯಗಳಿಂದ, ಕೋಲ್ಕತ್ತೆಯಿಂದ ಎರಡು-ಮೂರು ದಿನ ರೈಲಿನಲ್ಲಿ ಕೂತು ಬಂದವರಿದ್ದರು. ವರ್ಷಗಟ್ಟಲೆ ‘ನಮ್ಮೂರಾಗ ನಾ ಒಬ್ಬಾವನ ಹುಚ್ಚ’ ಎಂದುಕೊಂಡಿದ್ದ ಹುಡುಗರಿಗೆ ತಮ್ಮಂಥ ಸಾವಿರಾರು ಕರಿ ಅಂಗಿಗಳು ಒಂದೇ ಮೈದಾನದಲ್ಲಿ ಕಂಡದ್ದು ಅವತ್ತು. 2008ರ ಫೆಬ್ರುವರಿ 1ರಂದು ಅದೇ ತಂಡ ಮುಂಬೈಗೆ ಬಂತು. ಹಾಡುಗಾರ ಬ್ರೂಸ್ ಡಿಕಿನ್‌ಸನ್ ಅವರೇ ವಿಮಾನ ನಡೆಸಿಕೊಂಡು ಬಂದಿದ್ದರು! 2011ರ ಅಕ್ಟೋಬರ್ 28ರಂದು ಗುಡಗಾಂವದಲ್ಲಿ ಮೆಟಾಲಿಕಾ ಕಾರ್ಯಕ್ರಮ ರದ್ದಾಗಿ ಜನ ರೊಚ್ಚಿಗೆದ್ದು ವೇದಿಕೆ ಮುರಿದರು. ಎರಡೇ ದಿನಕ್ಕೆ, 30ರಂದು, ಬೆಂಗಳೂರಿನಲ್ಲಿ ಅದೇ ತಂಡ ಸುಸೂತ್ರವಾಗಿ ನುಡಿಸಿ ಹೋಯಿತು. ಈ ವಿಷಯ ಬಂದರೆ ಬೆಂಗಳೂರಿನವರ ಮೀಸೆ ಇವತ್ತಿಗೂ ಮೇಲಕ್ಕೇ.

ಕ್ರಿಪ್ಟೋಸ್ ತಂಡ 2013ರಲ್ಲಿ ಜರ್ಮನಿಯ ವಾಕನ್ ಉತ್ಸವದಲ್ಲಿ ನುಡಿಸಿತು. ಮನೆಯ ಹಿರಿಯರಿಗೆ ವಾಕನ್ ಅಂದರೆ ಏನು ಎಂದು ತಿಳಿಸುವುದು ಸುಲಭ. ಅದೊಂದು ಜಾತ್ರೆ. ಊರಿನ ಜನಸಂಖ್ಯೆ ಎರಡು ಸಾವಿರದ ಆಸುಪಾಸು. ನಮ್ಮ ಕಬನೂರಿನ ಮುಂದೆ ಅದೊಂದು ವಾಡಿ. 1990ರಲ್ಲಿ ಶುರುವಾದ ಈ ಉತ್ಸವಕ್ಕೆ ಈಗ 75 ಸಾವಿರಕ್ಕೂ ಹೆಚ್ಚು ಜನ. ದನ ಮೇಯುವ ಹೊಲದಲ್ಲಿ ಡೇರೆ ಹಾಕುತ್ತಾರೆ. ಮಳೆ ಬಂದರೆ ಮೊಣಕಾಲು ತನಕ ರಾಡಿ. ಅದರಲ್ಲಿ ನುಡಿಸುವ ತಂಡಗಳಲ್ಲಿ ಆ ಊರ ಅಗ್ನಿಶಾಮಕ ದಳದ ವಾಲಗದ ಬ್ಯಾಂಡೂ ಒಂದು. ಕೂದಲು ಬಿಟ್ಟ ಹುಡುಗರು ಅದಕ್ಕೂ ಕುಣಿಯುತ್ತಾರೆ. ಹೋಲಿಸಿದರೆ ನಮ್ಮ ಜಾತ್ರೆಗಳಿಗೆ ಇಲ್ಲದ್ದೇನೂ ಅಲ್ಲಿಲ್ಲ, ತೇರೊಂದನ್ನು ಬಿಟ್ಟು.

ಕನ್ನಡಕ್ಕೂ ಗಿಟಾರಿಗೂ ನಂಟೇ ಇಲ್ಲ ಎನ್ನುವವರು 2008ರಲ್ಲಿ ಬಂದ ರಘು ದೀಕ್ಷಿತ್ ಅವರ ಮೊದಲ ಆಲ್ಬಂ ಕೇಳಬಹುದು. ಅದು ಮೆಟಲ್ ಅಲ್ಲ. ಆದರೆ ಶಿಶುನಾಳ ಶರೀಫರ ತತ್ವಪದ ಎಲೆಕ್ಟ್ರಿಕ್ ಗಿಟಾರಿನ ಮೇಲೆ ಏರಿ ಬಂದಾಗ ನಮ್ಮ ಅಜ್ಜಂದಿರೂ ತಲೆದೂಗಿದರು.

ನೆಲಸಮವಾದ ಓಣಿಗಳು

ಈಗ ಮೊದಲು ಹೇಳಿದ ‘ಅರ್ಧ ನಿಜ’ಕ್ಕೆ ಬರೋಣ. 2004ರಲ್ಲಿ ಆರ್ಕುಟ್ ಬಂತು. ಸೈಬರ್ ಕೆಫೆಯಲ್ಲಿ ತಾಸಿಗೆ ಇಷ್ಟು ಎಂದು ದುಡ್ಡು ಕೊಟ್ಟು ಕೂತವರಿಗೆ ಗೊತ್ತು ಅದರ ರುಚಿ. ಒಂದೊಂದು ತಂಡಕ್ಕೆ ಒಂದೊಂದು ಕಮ್ಯುನಿಟಿ. ಯಾವ ಊರಲ್ಲಿ ಯಾವ ಕ್ಯಾಸೆಟ್ ಸಿಗುತ್ತದೆ, ಬೆಂಗಳೂರಿಗೆ ಯಾರು ಯಾರು ಹೊರಟಿದ್ದೀರಿ, ಉಳಿಯಲು ಜಾಗವಿದೆಯೇ ಎಂಬ ಮಾತುಕತೆ. ಜಗಳವೂ ಬೇಕಾದಷ್ಟು. 2014ರ ಸೆಪ್ಟೆಂಬರ್ 30ಕ್ಕೆ ಆರ್ಕುಟ್ ಮುಚ್ಚಿತು. ಯಾಹೂ ಗ್ರೂಪ್ಸ್‌ನಲ್ಲಿ ಜನ ಬರೆದಿಟ್ಟದ್ದನ್ನು 2019ರ ಕೊನೆಗೆ ಅಳಿಸತೊಡಗಿ, 2020ರ ಡಿಸೆಂಬರಿನಲ್ಲಿ ಪೂರಾ ಬಂದ್ ಮಾಡಿದರು.

ಇವೆಲ್ಲಕ್ಕೂ ದೊಡ್ಡ ಹೊಡೆತ ಮೈಸ್ಪೇಸ್‌ನದು. ದೊಡ್ಡ ಕಂಪನಿ ಸಿಗದ ಸಣ್ಣಪುಟ್ಟ ತಂಡಗಳು ತಮ್ಮ ಹಾಡು ಇಡುತ್ತಿದ್ದದ್ದೇ ಅಲ್ಲಿ. 2003ರಿಂದ 2015ರ ತನಕ ಜನ ಏರಿಸಿದ ಹಾಡುಗಳು ಸರ್ವರ್ ಬದಲಿಸುವಾಗ ಹೋದವು ಎಂದು 2019ರ ಮಾರ್ಚ್‌ನಲ್ಲಿ ಹೊರಬಿತ್ತು. ಒಂದೂವರೆ ಕೋಟಿಯ ಹತ್ತಿರ ಕಲಾವಿದರ ಸುಮಾರು ಐದು ಕೋಟಿ ಹಾಡು! ಅದರಲ್ಲೊಂದು ಸಣ್ಣ ಪಾಲನ್ನು ಮಾತ್ರ ಆಮೇಲೆ ಉಳಿಸಿಕೊಂಡರು. ಐರನ್ ಮೇಡನ್, ಮೆಟಾಲಿಕಾ ಎಲ್ಲಿಗೂ ಹೋಗುವುದಿಲ್ಲ, ಮೊಬೈಲಿನಲ್ಲಿ ಸಿಗುತ್ತವೆ. ಎರಡು ವರ್ಷ ನುಡಿಸಿ ಮದುವೆ-ನೌಕರಿ ಎಂದು ಚದುರಿಹೋದ ಹುಡುಗರ ತಂಡದ ಮೂರು ಹಾಡು ಸಿಗುವುದಿಲ್ಲ. ಅದರ ಒಂದೇ ಪ್ರತಿ ಯಾರ ಮನೆಯ ಡಬ್ಬಿಯಲ್ಲಿದೆಯೋ ಹೇಳುವವರಾರು? ಕಂಪನಿಯ ಸರ್ವರಿಗಿಂತ ನಮ್ಮ ಅಟ್ಟ ಗಟ್ಟಿಯಾಯಿತಲ್ಲ!

ಡಬ್ಬಿ ಇಳಿಸಿದ ಮೇಲೆ

ಅಟ್ಟವೂ ಶಾಶ್ವತವಲ್ಲ. ಟೇಪಿಗೆ ಪಂಚಗಂಗೆ ದಂಡೆಯ ಮಳೆಗಾಲದ ತೇವ ಆಗದು, ಬಿಳಿ ಬೂಷ್ಟು ಹಿಡಿಯುತ್ತದೆ. ತಗಡಿನ ಮಾಡಿನ ಬಿಸಿಯೂ ಆಗದು. ಸ್ಪೀಕರಿನ ಪಕ್ಕ ಇಟ್ಟರೆ ಅದರೊಳಗಿನ ಅಯಸ್ಕಾಂತ ಅಳಿಸಿ ಹಾಕುತ್ತದೆ. ಕಂಪ್ಯೂಟರಿನಲ್ಲಿ ಬರೆದ ಸಿ.ಡಿ.ಗೆ ಬಿಸಿಲು ವೈರಿ. ವರ್ಷಗಟ್ಟಲೆ ಸುಮ್ಮನೆ ಬಿದ್ದ ಮೆಮರಿ ಕಾರ್ಡು ತಾನಾಗಿಯೇ ಮರೆಯಲು ಶುರು ಮಾಡುತ್ತದೆ. ಆದ್ದರಿಂದ ಸಿ.ಡಿ., ಕಾರ್ಡು ಇದ್ದರೆ ಮೊದಲು ಅವನ್ನೇ ಕಂಪ್ಯೂಟರಿಗೆ ಇಳಿಸಿಕೊಳ್ಳುವುದು ಒಳ್ಳೆಯದು. ಅದು ಐದು ನಿಮಿಷದ ಕೆಲಸ.

ಕ್ಯಾಸೆಟ್ಟಿಗೆ ತಾಳ್ಮೆ ಬೇಕು. ಬೂಷ್ಟು ಹಿಡಿದದ್ದನ್ನು ಬೇರೆ ತೆಗೆದಿಡಿ, ಹಾಕಿದರೆ ಟೇಪ್ ರಿಕಾರ್ಡರಿನ ಹೆಡ್ಡೂ ಕೆಟ್ಟೀತು. ಹೆಡ್ಡು ಮತ್ತು ರಬ್ಬರ್ ಗಾಲಿಯನ್ನು ಮೆಡಿಕಲ್ ಅಂಗಡಿಯಲ್ಲಿ ಸಿಗುವ ಸ್ಪಿರಿಟ್ಟು, ಹತ್ತಿಯಿಂದ ಒರೆಸಿಕೊಳ್ಳಿ. ಟೇಪನ್ನು ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಪೂರಾ ಓಡಿಸಿ. ಹೆಡ್‌ಫೋನ್ ತೂತಿನಿಂದ ಒಂದು ವಾಯರು ಕಂಪ್ಯೂಟರಿಗೆ. ಆಡಾಸಿಟಿ ಎಂಬ ಪುಕ್ಕಟೆ ಸಾಫ್ಟ್‌ವೇರ್ ಸಾಕು. ಒಂದು ಬದಿಗೆ 45 ನಿಮಿಷ ಎಂದರೆ 45 ನಿಮಿಷವೇ ಬೇಕು, ಅವಸರ ನಡೆಯುವುದಿಲ್ಲ. ಮುಗಿದ ಮೇಲೆ ಎರಡು ಕಡೆ ಉಳಿಸಿ. ಒಂದು ಮನೆಯಲ್ಲಿ, ಇನ್ನೊಂದು ಬೇರೆ ಊರಿನಲ್ಲಿರುವ ಅಣ್ಣ-ತಮ್ಮಂದಿರ ಹತ್ತಿರ. ಮುಚ್ಚಳದ ಮೇಲೆ ಪೆನ್ನಿನಿಂದ ಬರೆದ ಹಾಡಿನ ಪಟ್ಟಿ, ತಾರೀಖು, ಕೊಟ್ಟವರ ಹೆಸರು ಇದ್ದರೆ ಫೋಟೊ ತೆಗೆದಿಡಿ. ಹೆಸರಿನ ಹಿಂದಿನ ಕಥೆಯನ್ನು ಡಬ್ಬಿಯ ಧಣಿಯನ್ನೇ ಕೇಳಿ ಬರೆದುಕೊಳ್ಳಿ, ಅದು ಯಾವ ಸಾಫ್ಟ್‌ವೇರಿಗೂ ಗೊತ್ತಿರುವುದಿಲ್ಲ.

ಇನ್ನೊಂದು ಮಾತು, ಮುಖ್ಯವಾಗಿ ಅವ್ವ-ಅಜ್ಜಿಯರಿಗೆ. ಐರನ್ ಮೇಡನ್‌ನ 1982ರ ಆಲ್ಬಂ ಸುಮಾರು 40 ನಿಮಿಷದ್ದು. ಅದನ್ನು ಹಳೆಯ ಸಿ-90 ಮೇಲೆ ತುಂಬಿದ್ದರೆ ಆ ಬದಿಯಲ್ಲಿ ಐದು ನಿಮಿಷದಷ್ಟು ಟೇಪು ಉಳಿಯುತ್ತದೆ. ಹುಡುಗ ಅಲ್ಲಿಗೇ ರಿಕಾರ್ಡ್ ನಿಲ್ಲಿಸಿದ್ದರೆ ಆ ಐದು ನಿಮಿಷ ಅಳಿದಿರುವುದಿಲ್ಲ. ಹಾಡು ಮುಗಿಯಿತೆಂದು ಟೇಪು ಬಂದ್ ಮಾಡಬೇಡಿ, ಓಡಲು ಬಿಡಿ. ಗಿಟಾರು ನಿಂತ ಮೇಲೆ ಒಂದು ಕ್ಷಣ ಸುಂಯ್ ಎಂದು, ಆಮೇಲೆ ಹಳೆಯ ಭಜನೆಯ ಕಡೆಯ ಪದ, ಇಲ್ಲವೇ ಮದುವೆ ಮನೆಯ ಸೋಬಾನೆ, ಈಗ ಇಲ್ಲದ ಹಿರಿಯರ ದನಿ ಕೇಳಿಸಿದರೂ ಕೇಳಿಸೀತು.